ಮಂದಾಕಿನಿ ತೊಳೆದ ಹಳ್ಳ

ಬೆಳಂಬಾರದ ಮಂದಾಕಿನಿಗೆ ಕೂತಲ್ಲಿ ಕೂರಲು ಬಾರದು. ಸದಾಶಿವಗಡದ ತವರಿನಲ್ಲಿ ಅವಳ ತಾಯಿ, ‘ಇದು ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದು’ ಎನ್ನುತ್ತಿದ್ದರಂತೆ. ಯಾರದೇ ಮದುವೆಗೆ ಹೋಗಲಿ, ಇವಳು ಪಂಕ್ತಿಯಲ್ಲಿ ಕೂತು ಉಂಡದ್ದನ್ನು ಕಂಡವರಿಲ್ಲ. ಸೆರಗು ಸಿಕ್ಕಿಸಿ ಬಡಿಸಲು ನಿಂತೇಬಿಡುತ್ತಾಳೆ. ಬಸ್ಸು ಕೆಟ್ಟು ನಿಂತರೆ ಡ್ರೈವರನಿಗಿಂತ ಮೊದಲು ಕೆಳಗಿಳಿಯುವವಳೂ ಅವಳೇ. ಗಂಡ ದೇವಿದಾಸ ದಿನಾ ಕಾರವಾರಕ್ಕೆ ನೌಕರಿಗೆ ಹೋಗಿಬರುವ ಮೆತ್ತಗಿನ ಮನುಷ್ಯ. ಹೆಂಡತಿ ಮಾಡುವುದನ್ನೆಲ್ಲ ನೋಡುತ್ತಾನೆ, ಉಣ್ಣುತ್ತಾನೆ, ಸುಮ್ಮನೆ ಮಲಗುತ್ತಾನೆ. ಇಂಥ ಗಂಡಸರ ಪುಣ್ಯದಿಂದಲೇ ಇಂಥ ಹೆಂಗಸರ ಸಂಸಾರ ನಡೆಯುವುದು.

ಆದರೆ ಈಚಿನ ಬೇಸಿಗೆಗಳಲ್ಲಿ ಅವಳ ಚಡಪಡಿಕೆಗೆ ಬೇರೆಯೇ ಕಾರಣವಿತ್ತು. ಮನೆಯ ಬಾವಿ ಉಪ್ಪಾಗತೊಡಗಿತ್ತು. ಗುಡ್ಡದಿಂದಿಳಿದು ಮನೆಯ ಹಿಂದೆ ಹಾದು, ಉಬ್ಬರದ ಉಪ್ಪುನೀರು ನುಗ್ಗುವ ಗಜನಿ ಗದ್ದೆ ಸೇರುವ ಹಳ್ಳ ಮೊದಲೆಲ್ಲ ಕಡುಬೇಸಿಗೆಯವರೆಗೂ ಹರಿಯುತ್ತಿತ್ತು. ಅದರ ಸಿಹಿನೀರು ನೆಲದೊಳಗೆ ಇಂಗಿ, ಸಮುದ್ರದ ಉಪ್ಪು ಬಾವಿಯತ್ತ ಬಾರದಂತೆ ತಡೆಯುತ್ತಿತ್ತು. ಈಗ ಶಿವರಾತ್ರಿಗೇ ಹಳ್ಳ ಒಣಗುತ್ತದೆ. ಏಪ್ರಿಲ್ ಬಂತೆಂದರೆ ಚಹಾಕ್ಕೆ ಹಾಲು ಹಾಕಿದ ಕೂಡಲೇ ಒಡೆಯುತ್ತದೆ. ಒಡೆದ ಚಹಾ ಕಂಡಾಗಲೆಲ್ಲ ಮಂದಾಕಿನಿಗೆ ಅಳು ಬರುತ್ತಿತ್ತು, ಯಾರಿಗೂ ಹೇಳುತ್ತಿರಲಿಲ್ಲ.

ಹೀಗಿರುವಾಗ ಹಬ್ಬುವಾಡದಲ್ಲಿ ಕಚೇರಿ ಇಟ್ಟುಕೊಂಡ ಒಂದು ಸಂಸ್ಥೆಯವರು ಕಾರವಾರ, ಅಂಕೋಲೆಯ ಹಳ್ಳಗಳ ಆರೋಗ್ಯ ತಪಾಸಣೆಗೆ ಹೊರಟರು. ಎಲ್ಲ ಹಳ್ಳಕ್ಕೂ ಒಮ್ಮೆಲೇ ಕೈಹಾಕುವಂತಿಲ್ಲ. ಯಾವುದನ್ನು ಮೊದಲು ಸುಧಾರಿಸಬೇಕೆಂದು ಆರಿಸಬೇಕು. ಆ ಕೆಲಸದ ಮೇಲಿದ್ದ ನೀತಾ ಎಂಬ ಹುಡುಗಿ ಮಂದಾಕಿನಿಗೆ ಫೋನು ಮಾಡಿ, ದೀಪಾವಳಿ ಕಳೆದ ಮೇಲೆ ನಿಮ್ಮ ಹಳ್ಳ ನೋಡಲು ಬರುತ್ತೇವೆ ಎಂದಳು.

ಅಷ್ಟು ಸಾಕಾಯಿತು. ಮನೆಗೆ ಹೆಣ್ಣು ನೋಡಲು ಬರುವವರಿದ್ದಾರೆ ಎಂಬಂತೆ ಮಂದಾಕಿನಿ ನೆರೆಮನೆಯ ನಾಗಿಯನ್ನೂ ಕೇರಿಯ ಹೆಂಗಸರನ್ನೂ ಎಬ್ಬಿಸಿದಳು.

“ಬರೋರು ನೋಡಿ ಯಂತ ಹೇಳೂರು? ಈ ಊರೋರಿಗೆ ಹಳ್ಳ ಬೇಡಾಗ್ಯದೆ ಅಂತ್ರು. ಕತ್ತಿ ತಕಂಡು ಬನ್ನಿ.”

ಪ್ಲಾಸ್ಟಿಕ್ ಹೆಕ್ಕಿದರು, ಅದು ಒಳ್ಳೆಯದೇ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ದಂಡೆಯ ಮೇಲಿನ, ಕೇದಗೆಯ ಜಾತಿಯ ಮುಂಡಿಗೆ ಪೊದೆಗಳನ್ನು ಕೈಗೆ ಮುಳ್ಳು ಚುಚ್ಚಿಸಿಕೊಂಡು ಬುಡಕ್ಕೆ ಕಡಿದರು. ತಳದಲ್ಲಿ ಕೊಳೆಯುತ್ತಿದ್ದ ಎಲೆಯನ್ನೆಲ್ಲ ಬಾಚಿ ಬುಟ್ಟಿಗೆ ತುಂಬಿದರು. ನೀರಲ್ಲಿ ಅಡ್ಡಾದಿಡ್ಡಿ ಬಿದ್ದ ಕಲ್ಲುಗಳನ್ನು ಎತ್ತಿ, ಉಜ್ಜಿ, ದಂಡೆಯಲ್ಲಿ ಸಾಲಾಗಿ ಜೋಡಿಸಿದರು. ಸಂಜೆಗೆ ಹಳ್ಳ ತೊಳೆದಿಟ್ಟ ಪಾತ್ರೆಯಂತೆ ಕಂಡಿತು. ದೇವಿದಾಸ ಕೂಡ ನೋಡಿ, “ಚೊಲೋ ಆತು” ಎಂದ.

ನೀತಾ ಬಂದಳು. ನೀರಿಗಿಳಿದು ಸಣ್ಣ ಬಲೆಯಿಂದ ತಳ ಕೆದಕಿ, ಸಿಕ್ಕಿದ್ದನ್ನು ಬಿಳಿ ತಟ್ಟೆಗೆ ಸುರಿದಳು. ಹಳ್ಳ ಬದುಕಿದೆಯೋ ಇಲ್ಲವೋ ಎಂಬುದನ್ನು ಕಲ್ಲಡಿಯ ಹುಳಗಳು ಹೇಳುತ್ತವಂತೆ. ತಟ್ಟೆಯಲ್ಲಿ ನೀರಿತ್ತು, ಮರಳಿತ್ತು; ಹುಳ ಇರಲಿಲ್ಲ. ಇನ್ನೊಂದು ಕಡೆ ಕೆದಕಿದಳು, ಮತ್ತೊಂದು ಕಡೆ ಕೆದಕಿದಳು. ಕೊನೆಗೆ ಬಿಸಿಲು ಬಿದ್ದ ದಂಡೆಯತ್ತ ತಿರುಗಿ ಕೇಳಿದಳು:

“ಇಲ್ಲಿ ನೆರಳಿಗೆ ಏನೂ ಇರ್ಲಿಲ್ವಾ?”

“ಮುಂಡಿಗೆ ಇತ್ತು ಅಕ್ಕೋರೆ. ನೀವು ಬರ್ತ್ರಿ ಅಂತ ನಾವೇ ಕಡ್ದದ್ದು,” ಎಂದಳು ನಾಗಿ ಹೆಮ್ಮೆಯಿಂದ.

ನೀತಾ ಅದನ್ನೂ ಬರೆದುಕೊಂಡಳು. ಆ ಮುಖ ನೋಡಿ ಮಂದಾಕಿನಿ ಸಾಲಾಗಿಟ್ಟ ಕಲ್ಲುಗಳತ್ತ ಕಣ್ಣು ಹಾಯಿಸಿದಳು.

ಯಾವ ಹಳ್ಳ ಮೊದಲು, ಯಾವುದು ಆಮೇಲೆ ಎಂದು ತೀರ್ಮಾನವಾದಾಗ ಬೆಳಂಬಾರದ್ದು ಕಟ್ಟಕಡೆಯ ಗುಂಪಿಗೆ ಹೋಗಿತ್ತು. ಮರುದಿನ ಮಂದಾಕಿನಿ ಗಂಡನ ಜೊತೆಗೇ ಬಸ್ಸು ಹತ್ತಿ ಹಬ್ಬುವಾಡಕ್ಕೆ ಹೋದಳು. ದಾರಿಯುದ್ದಕ್ಕೂ ಸೀಟಿನ ತುದಿಯಲ್ಲೇ ಕೂತಿದ್ದಳು.

“ಕಾಯಿಲೆ ಜಾಸ್ತಿ ಇದ್ದವ್ರನ್ನೇ ಮೊದಲು ನೋಡೂದಲ್ವಾ ಅಕ್ಕೋರೆ?” ಎಂದು ನಿಂತಲ್ಲೇ ಕೇಳಿದಳು.

“ಗುಣ ಆಗೂ ಲಕ್ಷಣ ಇದ್ದ ಹಳ್ಳ ಮೊದಲು, ಅಕ್ಕಾ. ಸ್ವಲ್ಪ ಕೈ ಹಿಡಿದ್ರೆ ಎದ್ದು ನಿಲ್ಲೂವಂಥದ್ದು. ಜೀವವೇ ಇಲ್ಲದ್ದು ಕೊನೆಗೆ. ನಿಮ್ಮ ಹಳ್ಳದಲ್ಲಿ ನಂಗೆ ಒಂದು ಹುಳನೂ ಸಿಗ್ಲಿಲ್ಲ,” ಎಂದಳು ನೀತಾ.

ಹುಳಗಳು ಎಲ್ಲಿ ಹೋದವೆಂದು ಮಂದಾಕಿನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಎಲೆಯ ಜೊತೆ ಬುಟ್ಟಿ ತುಂಬಿದ್ದು ಅವಳ ಕೈಯೇ, ಕಲ್ಲು ಉಜ್ಜಿದ್ದೂ ಅವಳ ಕೈಯೇ.

“ಹಂಗಾರೆ ತಪ್ಪು ನನ್ನ ಹೆಸರಿಗೆ ಬರ್ಕಳಿ. ಹಳ್ಳದ ಹೆಸರಿಗೆ ಬರೀಬೇಡಿ.”

ನೀತಾ ತಲೆ ತಗ್ಗಿಸಿದಳು. “ತಪ್ಪು ನಂದೂ ಅದೆ. ಯಾರೂ ಮುಟ್ಬೇಡಿ ಅಂತ ಫೋನಲ್ಲೇ ಒಂದು ಮಾತು ಹೇಳ್ಬೇಕಾಗಿತ್ತು. ಆದ್ರೆ ಕಂಡದ್ದು ಬಿಟ್ಟು ಬೇರೆ ಬರೀಲಿಕ್ಕೆ ಬರೂದಿಲ್ಲ. ಮುಂದಿನ ಮಳೆಗಾಲ ಮುಗಿದ ಮೇಲೆ ಮತ್ತೆ ಬರ್ತೆ. ಅಷ್ಟೊತ್ತಿಗೆ ಜೀವ ತಿರುಗಿ ಬಂದಿದ್ರೆ ನಿಮ್ಮ ಹಳ್ಳ ಮುಂದೆ ಬರ್ತದೆ.”

“ಅಲ್ಲೀವರೆಗೆ ನಾ ಯಂತ ಮಾಡೂದು? ಮುಂಡಿಗೆ ನೆಡ್ಲಾ? ಹೇಳಿ, ಇವತ್ತೇ ಮಾಡ್ತೆ.”

“ಕಲ್ಲು ಇದ್ದಲ್ಲಿಗೆ ಹಾಕಿ. ಆಮೇಲೆ ಏನೂ ಮಾಡ್ಬೇಡಿ. ಮುಂಡಿಗೆ ತಾನೇ ಚಿಗುರ್ತದೆ. ಎಲೆ ಬಿದ್ರೆ ಬೀಳ್ಲಿ.”

“ಏನೂ ಮಾಡ್ದೇ ಇರೂದು ನಂಗೆ ಬರೂದಿಲ್ಲ ಅಕ್ಕೋರೆ.”

ಇಬ್ಬರಲ್ಲಿ ಯಾರಿಗೂ ನಗು ಬರಲಿಲ್ಲ.

ಏಪ್ರಿಲ್‌ನಲ್ಲಿ ಬಾವಿ ಮತ್ತೆ ಉಪ್ಪಾಯಿತು. ಮಂದಾಕಿನಿ ಈಗ ಮೇಲಿನ ಕೇರಿಯಿಂದ ನೀರು ಹೊರುತ್ತಾಳೆ. ದಾರಿ ಹಳ್ಳದ ದಂಡೆಯ ಮೇಲೇ. ಕಡಿದ ಬುಡಗಳಲ್ಲಿ ಮುಂಡಿಗೆ ಗೇಣುದ್ದ ಚಿಗುರಿದೆ. ಇನ್ನೂ ಪಸೆ ಉಳಿದ ಗುಂಡಿಗಳಲ್ಲಿ ಎಲೆ ಬಿದ್ದು ಕೊಳೆಯುತ್ತಿದೆ, ನೋಡಲು ಹೊಲಸು. ಒಮ್ಮೆ ಕತ್ತಿ ಹಿಡಿದು ಬಂದ ನಾಗಿಯೊಡನೆ ಜಗಳವಾಡಿ ಅವಳನ್ನು ಹಿಂದೆ ಕಳಿಸಿದ್ದಾಳೆ. ಮಂದಾಕಿನಿಗೆ ಸೋಮಾರಿತನ ಬಂತು ಎಂದು ಕೇರಿಯವರು ಆಡಿಕೊಳ್ಳುತ್ತಾರೆ. ಅವಳ ಜನ್ಮದಲ್ಲಿ ಅವಳನ್ನು ಯಾರೂ ಅನ್ನದ ಮಾತು ಅದು, ಚೂರಿಯಂತೆ ತಾಗುತ್ತದೆ. ಕೇಳಿಯೂ ಕೇಳದವಳಂತೆ, ಕೊಡವನ್ನು ಸೊಂಟಕ್ಕೇರಿಸಿ, ಎಲೆ ಬಾಚಲು ತವಕಿಸುವ ಇನ್ನೊಂದು ಕೈಯನ್ನು ಸೆರಗಿನೊಳಗೆ ಬಿಗಿಯಾಗಿ ಸುತ್ತಿಕೊಂಡು ಹಳ್ಳ ದಾಟುತ್ತಾಳೆ.