ಮೇಡಂ ಇಟ್ಟ ಕೆಂಪು ಚುಕ್ಕೆ

ಮೇಡಂ ಅವರ ಎಡಗಿವಿಯ ಹಾಲೆ ಎರಡಾಗಿ ಸೀಳಿತ್ತು. ಓಲೆಯ ತೂತಿನಿಂದ ಕೆಳಗಿನ ಅಂಚಿನವರೆಗೂ ಹರಿದು, ಎರಡು ತುಂಡೂ ಬೇರೆಬೇರೆಯಾಗಿಯೇ ಮಾಗಿದ್ದವು. ಅವರು ಜೋರಾಗಿ ಮಾತಾಡಿದಾಗ ಎರಡೂ ಅಲ್ಲಾಡುತ್ತಿದ್ದವು. ಅವರು ಮಾತಾಡುತ್ತಿದ್ದುದೆಲ್ಲ ಜೋರಾಗಿಯೇ. ಬಲಗಿವಿಗೆ ಮಾತ್ರ ಕೆಂಪು ಹರಳಿನ ಓಲೆ ಹಾಕುತ್ತಿದ್ದರು. ಕಿವಿಗೆ ಏನಾಯಿತು ಎಂದು ಕೇಳಿದವರಿಗೆಲ್ಲ ಒಂದೊಂದು ಕಥೆ. ನಮ್ಮ ಡ್ರೈವರಿಗೆ, "ಕೋತಿ ಕಿತ್ಕಂಡೋಯ್ತು ಕಣ್ಲಾ." ನನಗೆ, "ಬಸ್ಸಿನ ಕಂಬಿಗೆ ಸಿಕ್ಕಾಕಂತು. ನೀನು ಬಂದಿರೋದು ಕೆಲ್ಸಕ್ಕೋ, ನನ್ ಕಿವಿ ನೋಡಕ್ಕೋ?"

ಮಂಡ್ಯದಲ್ಲಿ ನೀರು ಪರೀಕ್ಷೆ ಮಾಡುವ ಲ್ಯಾಬೊಂದರಲ್ಲಿ ನಾನು ಕೆಲಸಕ್ಕೆ ಸೇರಿದಾಗ ಅವರೇ ಅಲ್ಲಿಯ ಮುಖ್ಯಸ್ಥೆ. ಹಲಗೂರಿನ ಆಚೆಯ ಒಂದು ಹಳ್ಳಿಯವರು. ಊರಿನ ಹೆಸರು ಬೇಡ, ಆ ಊರಿನವರು ಆಗಲೇ ಸಾಕಷ್ಟು ಅನುಭವಿಸಿದ್ದಾರೆ. ಯಲಿಯೂರಿನಿಂದ ಬೆಳಗಿನ ರೈಲಿಗೆ ಬರುತ್ತಿದ್ದ ನನ್ನದು ಕಂಪ್ಯೂಟರಿನ ಕೆಲಸ. ನಾನೂ ಸಾಧುವಲ್ಲ. ರೈಲಿನ ನೂಕುನುಗ್ಗಲಿನಲ್ಲಿ ಮೈ ಮುಟ್ಟಿದವನೊಬ್ಬನ ಕೈಗೆ ಸೇಫ್ಟಿ ಪಿನ್ನು ಚುಚ್ಚಿ, ಮಂಡ್ಯ ಸ್ಟೇಷನ್ ಬರುವವರೆಗೂ ಅವನು ಕಿರುಚುವಂತೆ ಮಾಡಿದವಳು. ಆದರೆ ಮೇಡಂ ಮುಂದೆ ನನ್ನ ಸಿಟ್ಟು ಮಕ್ಕಳಾಟ. ಸ್ಟಿಕರ್ ಅಂಟಿಸದೆ ಬಂದ ಬಾಟಲಿಯನ್ನು ಅವರು ವಾಪಸ್ ಕಳಿಸುತ್ತಿರಲಿಲ್ಲ, ಅಂಗಳದ ಗೋಡೆಗೆ ಬೀಸಿ ಒಡೆಯುತ್ತಿದ್ದರು. "ಯಾವೂರ್ದು ಅಂತ ಗೊತ್ತಿಲ್ದಿರೋ ನೀರ ನಾನೇನು ತಲೆ ಮೇಲೆ ಉಯ್ಕಳ್ಳಾ?" ಆ ಗೋಡೆಯ ಬುಡದಲ್ಲಿ ಗಾಜಿನ ಚೂರು ಯಾವಾಗಲೂ ಹೊಳೆಯುತ್ತಿತ್ತು. ಬರಿಗಾಲಿನಲ್ಲಿ ಯಾರೂ ಆ ಕಡೆ ಹೋಗುತ್ತಿರಲಿಲ್ಲ.

ಅವರು ಮೊದಲ ದಿನ ನನಗೆ ಕಲಿಸಿದ್ದು ಆಸಿಡ್ಡಿನ ವಿಷಯ. ಲೋಹ ಪರೀಕ್ಷೆಗೆ ಬಂದ ನೀರು ಕೆಡದಿರಲೆಂದು ಅದಕ್ಕೆ ಕೆಲವು ಹನಿ ಆಸಿಡ್ ಹಾಕುತ್ತೇವೆ. ಬಾಟಲಿಯನ್ನು ನನ್ನ ಮೂಗಿನ ಹತ್ತಿರಕ್ಕೆ ಹಿಡಿದು, ನಾನು ಕೆಮ್ಮಿ ಕಣ್ಣೀರು ಹಾಕುವವರೆಗೂ ಕಾದು ಹೇಳಿದರು: "ಇದು ನೀರಿಗೆ ಹಾಕೋದು. ಮನ್ಸರ್ ಮುಂದೆ ಎತ್ತಿದ್ ದಿನ ಈ ಬಾಗ್ಲು ದಾಟ್ಬೇಡ ನೀನು." ಇಂಥ ಮಾತನ್ನು ನನಗ್ಯಾಕೆ ಹೇಳುತ್ತಾರೆ ಎಂದು ಆಗ ಬೇಜಾರಾಗಿತ್ತು. ನನ್ನ ಮುಖ ನೋಡಿಯೇ ಗೊತ್ತಾಗಿರಬೇಕು ಅವರಿಗೆ.

ಆಮೇಲೆ ಕಲಿಸಿದ್ದು ಸಾಫ್ಟ್‌ವೇರು. ಡ್ರೈವರು ಊರೂರಿನ ಬೋರ್‌ವೆಲ್, ಕೆರೆ, ನಾಲೆಗಳಲ್ಲಿ ಬಾಟಲಿ ತುಂಬಿಸಿ, ಅಲ್ಲೇ ನಿಂತು ಫೋನಿನ ಆ್ಯಪಿನಲ್ಲಿ ಒಂದು ಗುಂಡಿ ಒತ್ತಬೇಕು. ಆಗ ಬಾಟಲಿಯ ಸ್ಟಿಕರಿನ ನಂಬರಿನ ಜೊತೆ ಆ ಜಾಗ ದಾಖಲಾಗುತ್ತದೆ. ಪರೀಕ್ಷೆಯ ಫಲಿತಾಂಶವನ್ನು ನಾನು ತುಂಬಿಸಬೇಕು, ಮೇಡಂ ಒಪ್ಪಿಗೆ ಕೊಡಬೇಕು. ಕೊಟ್ಟ ಕೂಡಲೇ ಜಿಲ್ಲೆಯ ನಕ್ಷೆಯ ಮೇಲೆ ಒಂದು ಚುಕ್ಕೆ ಮೂಡುತ್ತದೆ. ಹಸಿರೆಂದರೆ ಕುಡಿಯಿರಿ, ಹಳದಿಯೆಂದರೆ ಹುಷಾರು, ಕೆಂಪೆಂದರೆ ಮುಟ್ಟಬೇಡಿ. ಕೆಂಪು ಬಿದ್ದ ಊರಿಗೆ ಟ್ಯಾಂಕರ್ ನೀರು ಬರುತ್ತದೆ, ಬೋರ್‌ವೆಲ್ಲಿಗೆ ಬೀಗ ಬೀಳುತ್ತದೆ, ವಿಷ ಎಲ್ಲಿಂದ ಬಂತೆಂದು ತಪಾಸಣೆಗೆ ಜನ ಬರುತ್ತಾರೆ. ಚುಕ್ಕೆ ಬೀಳದೆ ಯಾವ ಅಧಿಕಾರಿಯ ಕುರ್ಚಿಯೂ ಅಲ್ಲಾಡುವುದಿಲ್ಲ. ಒಮ್ಮೆ ಹಾಕಿದ್ದನ್ನು ಅಳಿಸಲು ಬರುವುದಿಲ್ಲ. ತಿದ್ದಬಹುದು, ಆದರೆ ಹಳೆಯದು ಗೀಟು ಹೊಡೆಸಿಕೊಂಡು ಅಲ್ಲೇ ಕೂತಿರುತ್ತದೆ. ಪಕ್ಕದಲ್ಲಿ ತುಂಬಿಸಿದವರ ಹೆಸರು, ಒಪ್ಪಿದವರ ಹೆಸರು, ತಿದ್ದಿದ ಕಾರಣ. ಯಾರು ಬೇಕಾದರೂ ತಮ್ಮ ಫೋನಿನಲ್ಲೇ ನೋಡಬಹುದು. "ಇದು ನನ್ ತರದ್ದೇ ಕಣೆ," ಎಂದು ಮೇಡಂ ಕಂಪ್ಯೂಟರಿನ ತಲೆ ತಟ್ಟುತ್ತಿದ್ದರು. "ಮಾಡಿದ್ನ ಮುಚ್ಚಾಕಲ್ಲ."

ಒಂದು ಬೇಸಿಗೆಯ ಶುರುವಿನಲ್ಲಿ ಮಳವಳ್ಳಿ ಕಡೆಯ ಒಂದು ಕೂಡುರಸ್ತೆಯ ಊರಿಗೆ ಕೆಂಪು ಬಿತ್ತು. ನೀರಿನಲ್ಲಿ ಕ್ರೋಮಿಯಂ, ಹೊಟ್ಟೆ ಕರುಳು ಸುಡುವಷ್ಟು. ಮಾರನೆಯ ದಿನವೇ ಡೇರಿಯವರು ಆ ಊರಿನ ಹಾಲು ಬೇಡವೆಂದರು. ಹೆಣ್ಣು ನೋಡಲು ಬರಬೇಕಿದ್ದವರು ಫೋನಿನಲ್ಲೇ ಕೈ ಮುಗಿದರು. ಅದೇ ವಾರ ನಮ್ಮ ಡ್ರೈವರು ಆ ದಾರಿಯಲ್ಲಿ ಹೋಗಿ ಸಿಕ್ಕಿಬಿದ್ದ. ಊರಿನವರು ಅವನನ್ನು ವ್ಯಾನಿನಿಂದ ಎಳೆದು, ಪಕ್ಕದಲ್ಲಿ ನಿಂತಿದ್ದ ಟ್ರ್ಯಾಕ್ಟರಿನಿಂದ ಕಬ್ಬಿನ ಜಲ್ಲೆ ಕಿತ್ತುಕೊಂಡು ಹೊಡೆದರು, ಜಲ್ಲೆ ಮುರಿದ ಮೇಲೆ ಕೈಯಲ್ಲಿ ಹೊಡೆದರು. ವ್ಯಾನಿನ ಗಾಜೆಲ್ಲ ಪುಡಿ. ಅವನು ಲ್ಯಾಬಿಗೆ ಬಂದಾಗ ಒಂದು ಕಣ್ಣು ಮುಚ್ಚಿಹೋಗಿತ್ತು, ತುಟಿ ಸೀಳಿ ಅಂಗಿಯ ಮೇಲೆಲ್ಲ ರಕ್ತ. ಹನಕೆರೆಯವನು, ಬಾಯಾಳಿ. ಅವತ್ತು ಬಾಗಿಲಲ್ಲೇ ಕುಸಿದು ಕೂತ.

ಮೇಡಂ ಅವನನ್ನು ಸ್ಟೂಲಿನ ಮೇಲೆ ಕೂರಿಸಿ ಹತ್ತಿಯಿಂದ ಗಾಯ ಒರೆಸುತ್ತ ಕೇಳಿದರು. "ಆ ಊರಲ್ಲಿ ಕ್ರೋಮಿಯಂ ಬರಕ್ಕೆ ಏನೈತ್ಲಾ? ಇರೋದೊಂದು ಟೀ ಅಂಗ್ಡಿ. ಎಲ್ಲಿ ತಗಂಡೆ ಆ ನೀರ?"

ಅವನು ನೆಲ ನೋಡಿದ. "ನಿಮ್ಮೂರ್ ಸ್ಕೂಲ್ ಬೋರಲ್ಲಿ ಮೇಡಂ. ಅಲ್ಲಿ ನೆಟ್‌ವರ್ಕ್ ಬರಕಿಲ್ಲ, ಆ್ಯಪು ಸುಮ್ಕೆ ಸುತ್ತತಾ ಇರ್ತದೆ. ಬಾಟ್ಲಿ ತುಂಬ್ಕಂಡು, ಟೀ ಅಂಗ್ಡಿತಾವ ಬಂದು ಗುಂಡಿ ಒತ್ತೀನಿ. ಯಾವಾಗ್ಲೂ ಅಂಗೇಯ."

ಮೇಡಂ ಗಾಯಕ್ಕೆ ಪಟ್ಟಿ ಹಾಕಿ ಮುಗಿಸಿದರು. ಆಮೇಲೆ ಊದಿರದ ಕೆನ್ನೆ ಯಾವುದೆಂದು ನೋಡಿ, ಅದಕ್ಕೆ ಫಟಾರನೆ ಬಿಟ್ಟರು. "ಅವ್ರು ಒಡ್ದಿದ್ದು ತಪ್ಪು. ಇದು ಸರಿ." ಅವನು ಅಳಲು ಶುರುಮಾಡಿದ. ಮೇಡಂ ಕುರ್ಚಿಯಲ್ಲಿ ಕೂತು ಗೋಡೆ ನೋಡತೊಡಗಿದರು. ಯಾಕೆಂದು ನನಗೆ ಆಮೇಲೆ ತಿಳಿಯಿತು. ಅವರ ಊರಿನಲ್ಲಿ ಅವರ ತಮ್ಮ ತನ್ನ ಜಮೀನಿನಲ್ಲಿ ಒಂದು ಶೆಡ್ಡು ಹಾಕಿ, ಕಾರ್ಖಾನೆಗಳ ಹಳೆಯ ಕೆಮಿಕಲ್ ಡ್ರಮ್ಮುಗಳನ್ನು ತೊಳೆಸಿ ಮಾರುತ್ತಿದ್ದ. ತೊಳೆದ ನೀರನ್ನು ಬತ್ತಿದ ಬೋರ್‌ವೆಲ್ಲಿಗೆ ಇಳಿಯಬಿಡುತ್ತಿದ್ದ. ಅಲ್ಲಿಂದ ಕೂಗಳತೆಯಲ್ಲಿ ಶಾಲೆ. ಕೆಂಪು ಚುಕ್ಕೆ ಟೀ ಅಂಗಡಿಯ ಮೇಲೆ ಕೂತಿದ್ದಷ್ಟು ದಿನವೂ ಅವರ ಊರಿನ ಮಕ್ಕಳು ಆ ನೀರನ್ನೇ ಕುಡಿಯುತ್ತಿದ್ದರು.

ಅರ್ಧ ಗಂಟೆಯಲ್ಲಿ ನಾವು ಗಾಜಿಲ್ಲದ ವ್ಯಾನಿನಲ್ಲಿ ಹೊರಟೆವು. ಒಂದೇ ಕಣ್ಣಿನಲ್ಲಿ ಡ್ರೈವರು ಓಡಿಸಿದ. ಶಾಲೆ ತಲುಪಿದಾಗ ಬಿಸಿಯೂಟ ಮುಗಿದು ಮಕ್ಕಳು ನಲ್ಲಿಗೆ ಮುತ್ತಿಕೊಂಡು ಬೊಗಸೆ ಒಡ್ಡಿದ್ದರು. ಮೇಡಂ ಮೊದಲು ಬಾಟಲಿ ತುಂಬಿಸಿದರು. ಬಿಳಿ ಮುಚ್ಚಳಕ್ಕೆ ಸ್ವಲ್ಪ ಸುರಿದು ತೋರಿಸಿದರು, ನೀರು ತೆಳ್ಳಗೆ ಅರಿಸಿನದ ಬಣ್ಣಕ್ಕಿತ್ತು. ಆಮೇಲೆ ಪಕ್ಕದಲ್ಲಿದ್ದ ಸೈಜುಗಲ್ಲನ್ನು ಎರಡೂ ಕೈಯಲ್ಲಿ ಎತ್ತಿ ನಲ್ಲಿಯ ಮೇಲೆ ಹಾಕಿದರು. ಮತ್ತೆ ಹಾಕಿದರು. ನಲ್ಲಿ ಮುರಿದು ನೀರು ಚಿಮ್ಮಿತು, ಮಕ್ಕಳು ಕಿರುಚಿಕೊಂಡು ಓಡಿದರು, ಹೆಡ್‌ಮಾಸ್ಟರು ಬಂದು ಅವರ ತೋಳು ಹಿಡಿದರು. ಮೇಡಂ ಕೊಡವಿಕೊಂಡು ವಾಲ್ವನ್ನು ತಿರುಗಿಸಿ ನೀರು ನಿಲ್ಲಿಸಿ, ಅದನ್ನೂ ಜಜ್ಜಿ ಬಗ್ಗಿಸಿದರು. ಅವರ ಬೆರಳ ಸಂದಿಯಿಂದ ರಕ್ತ ಸುರಿಯುತ್ತಿತ್ತು. "ರಿಪೇರಿ ಮಾಡ್ಸಿದ್ರೆ ನಿಮ್ ಕೈ ಜಜ್ತೀನಿ ಸಾರ್," ಎಂದರು. ಅಷ್ಟರಲ್ಲಿ ಅವರ ತಮ್ಮ ಬೈಕಿನಲ್ಲಿ ಬಂದ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಮೆಲುದನಿ. "ಅಕ್ಕ, ಇವತ್ತು ಇಲ್ಲಿಗೇ ಬುಡು," ಎಂದನಷ್ಟೇ. ಮೇಡಂ ಅವನ ಕಾಲ ಬುಡಕ್ಕೆ ಉಗುಳಿ ವ್ಯಾನು ಹತ್ತಿದರು.

ಆ ನೀರಿನ ಪರೀಕ್ಷೆ ಮುಗಿದಾಗ ಅನುಮಾನವೇನೂ ಉಳಿಯಲಿಲ್ಲ. ತಿದ್ದುಪಡಿ ಹಾಕಲು ನಾನು ಕಂಪ್ಯೂಟರಿನ ಮುಂದೆ ಕೂತೆ. ಅದು ನನ್ನ ಕೆಲಸ. ಮೇಡಂ ಬಂದು ನನ್ನ ಕುರ್ಚಿಯ ಬೆನ್ನು ಹಿಡಿದು ಓಲಾಡಿಸಿದರು. "ಏಳೇ ಮ್ಯಾಕೆ."

"ಯಾಕೆ ಮೇಡಂ? ನಾನೇ ಹಾಕ್ತೀನಿ."

"ಏಳು ಅಂದ್ನಲ್ಲ!"

ನಾನು ಏಳಲಿಲ್ಲ. ಅವರು ಕುರ್ಚಿಯನ್ನೇ ಎಳೆದರು. ನಾನು ನೆಲಕ್ಕೆ ಬಿದ್ದೆ. ನನ್ನ ಲಾಗಿನ್ ಮುಚ್ಚಿ ತಮ್ಮದನ್ನು ತೆರೆದು, ಕಾರಣದ ಜಾಗದಲ್ಲಿ ಒಂದೊಂದೇ ಬೆರಳಿನಿಂದ ಕುಟ್ಟಿದರು: "ಬಾಟಲಿ ತುಂಬಿದ್ದು ನಮ್ಮೂರ ಶಾಲೆಯಲ್ಲಿ. ಗುಂಡಿ ಒತ್ತಿದ್ದು ಟೀ ಅಂಗಡಿಯಲ್ಲಿ. ತಪ್ಪು ಲ್ಯಾಬಿನದು. ವಿಷ ನಮ್ಮೂರಿನದು." ತುಂಬಿಸಿದವರೇ ಒಪ್ಪಿಗೆ ಕೊಡಲು ಸಾಫ್ಟ್‌ವೇರು ಬಿಡುವುದಿಲ್ಲ. ಬೆಂಗಳೂರಿನ ಮೇಲಧಿಕಾರಿಗೆ ಫೋನ್ ಮಾಡಿ, ಅವರು ಒಪ್ಪಿಗೆಯ ಗುಂಡಿ ಒತ್ತುವವರೆಗೂ ಬೈದರು. ಟೀ ಅಂಗಡಿಯ ಊರಿನ ಚುಕ್ಕೆಗೆ ಗೀಟು ಬಿತ್ತು, ಅವರ ಹುಟ್ಟೂರು ಕೆಂಪಾಯಿತು. ನನ್ನ ಕೆಲಸವನ್ನು ನನ್ನ ಕೈಯಿಂದ ಕಿತ್ತುಕೊಂಡರಲ್ಲ ಎಂದು ನನಗೆ ಮೈಯೆಲ್ಲ ಉರಿದುಹೋಯಿತು. ಹೇಳದೆ ಕೇಳದೆ ಬ್ಯಾಗು ಎತ್ತಿಕೊಂಡು ರೈಲಿಗೆ ಹೊರಟೆ.

ಮರುದಿನ ಸಿಟ್ಟಿನಲ್ಲೇ ಕೆಲಸಕ್ಕೆ ಬಂದೆ. ಹಾಡಹಗಲೇ ಅವರ ತಮ್ಮ ಇಬ್ಬರು ಆಳುಗಳೊಂದಿಗೆ ಲ್ಯಾಬಿಗೆ ನುಗ್ಗಿದ. ಅವತ್ತೂ ಬಿಳಿ ಶರ್ಟು, ಕೈಯಲ್ಲಿ ಫೋನು. ಪರದೆಯನ್ನು ಅಕ್ಕನ ಮುಖಕ್ಕೆ ಹಿಡಿದ. "ನಿಂದೇ ಎಸ್ರು ಅದೆ. ಇನ್ಯಾವಳ್ದಾದ್ರೂ ಇದ್ದಿದ್ರೆ ಅವಳ್ ಕೈ ಮುರ್ದು ಓಯ್ತಿದ್ದೆ." ಆಗಲೇ ನನಗೆ ಕುರ್ಚಿ ಎಳೆದದ್ದರ ಅರ್ಥ ತಿಳಿದದ್ದು.

"ಚುಕ್ಕೆ ತೆಗಿ," ಎಂದ.

"ತೆಗ್ಯಕ್ಕಾಗಕಿಲ್ಲ ಕಣ್ಲಾ. ಅದು ನಿನ್ ಶೆಡ್ಡಲ್ಲ, ತೊಳ್ದು ಮಾರಕ್ಕೆ."

ಆಳುಗಳು ಮೊದಲು ಕಂಪ್ಯೂಟರನ್ನು ಎತ್ತಿ ನೆಲಕ್ಕೆ ಕುಕ್ಕಿದರು. ಡೇಟಾ ಅದರೊಳಗಿಲ್ಲ, ಎಲ್ಲೋ ದೂರದಲ್ಲಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಮೇಡಂ ನಕ್ಕುಬಿಟ್ಟರು. ಆ ನಗುವಿಗೆ ತಮ್ಮ ಕೆರಳಿದ. ಕಬ್ಬಿಣದ ಸ್ಟ್ಯಾಂಡಿನಿಂದ ಅವರ ಪಕ್ಕೆಗೆ ಹೊಡೆದ, ಬಿದ್ದ ಮೇಲೆ ತಲೆಗೆ ಒದ್ದ. ಮೊಣಕಾಲೂರಿ ಅವರ ಬಲಗಿವಿ ಹಿಡಿದ. "ಅಪ್ಪ ಸತ್ತಾಗ ಜಮೀನಿಗೆ ಸೈನ್ ಆಕು ಅಂದೆ, ಆಕ್ಲಿಲ್ಲ. ಆವತ್ತೊಂದ್ ಕಿತ್ತೆ. ಇನ್ನೊಂದು ಉಳ್ಕಂಡದೆ ಅಲ್ವಾ?" ಎಂದು ಓಲೆಗೆ ಬೆರಳು ಸಿಕ್ಕಿಸಿ ಎಳೆದ. ಹರಿದ ಸದ್ದು ನನಗೆ ಕೇಳಿಸಿತು. ಬಟ್ಟೆ ಹರಿದಂತೆಯೇ ಇತ್ತು. ಕೋತಿಯ ಕಥೆ, ಬಸ್ಸಿನ ಕಥೆ ಎಲ್ಲ ಅಲ್ಲಿಗೆ ಮುಗಿಯಿತು.

ನಾನು ಏನು ಮಾಡುತ್ತಿದ್ದೇನೆಂದು ನನಗೆ ಚೆನ್ನಾಗಿಯೇ ಗೊತ್ತಿತ್ತು. ಆಸಿಡ್ ಬಾಟಲಿಯ ಮುಚ್ಚಳ ತೆಗೆದು, ಅವನ ಬಿಳಿ ಶರ್ಟಿನ ಮೇಲಿನ ಮುಖಕ್ಕೆ ಗುರಿಯಿಟ್ಟು ಕೈ ಎತ್ತಿದೆ. ಅವನು ಹಿಂದೆ ಸರಿದು ಗೋಡೆಗೆ ಒತ್ತಿಕೊಂಡ. ಆಳುಗಳು ಬಾಗಿಲಿಗೆ ಓಡಿದರು. ಆಗ ನೆಲದಲ್ಲಿ, ರಕ್ತದಲ್ಲಿ ಬಿದ್ದಿದ್ದ ಮೇಡಂ ಅವನಿಗಲ್ಲ, ನನಗೆ ಅಬ್ಬರಿಸಿದರು.

"ಮಡಗೇ ಅದ್ನ!"

ಕೈ ಇಳಿಯಲಿಲ್ಲ.

"ಮಡಗೇ! ನೀರಿಗಾಕೋದು ಅದು!"

ಇಟ್ಟೆ. ಅವರ ದನಿಗೆ ಹೆದರಿ ಇಟ್ಟೆ, ಅವನ ಮೇಲಿನ ಕರುಣೆಯಿಂದಲ್ಲ. ಅಷ್ಟರಲ್ಲಿ ಪಕ್ಕದ ಗ್ಯಾರೇಜಿನ ಹುಡುಗರು ಸ್ಪ್ಯಾನರ್ ಹಿಡಿದು ಬಂದರು. ತಮ್ಮ ಓಡಿದ. ಕೇಸಾಯಿತು, ಒಳಗೆ ಹೋದ, ಜಾಮೀನಿನ ಮೇಲೆ ಹೊರಗೂ ಬಂದ. ಆದರೆ ಚುಕ್ಕೆ ತನ್ನ ಕೆಲಸ ಮಾಡಿತ್ತು. ಶೆಡ್ಡಿಗೆ ಬೀಗ ಬಿತ್ತು, ಶಾಲೆಗೆ ಟ್ಯಾಂಕರ್ ಬಂತು, ಆಮೇಲೆ ಬೇರೆ ಕಡೆಯಿಂದ ಪೈಪು.

ಆಸ್ಪತ್ರೆಯಿಂದ ಮೇಡಂ ನೇರವಾಗಿ ಲ್ಯಾಬಿಗೇ ಬಂದರು. ಪಕ್ಕೆಗೆ ಪಟ್ಟಿ, ಎರಡೂ ಕಿವಿ ಬೋಳು. "ನೋಡು, ಈಗ ಸಮ ಆಯ್ತು," ಎಂದರು. ನಾನು ಅತ್ತುಕೊಂಡೇ ಜಗಳಕ್ಕೆ ನಿಂತೆ, ನನ್ನ ಹೆಸರು ಹಾಕಲು ಯಾಕೆ ಬಿಡಲಿಲ್ಲ, ಹೇಳಿದ್ದರೆ ಏನಾಗುತ್ತಿತ್ತು ಎಂದು. ಅವರು ನನ್ನ ಗಲ್ಲ ಹಿಡಿದು ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. "ನಂಗೆ ಒಂದ್ ಓಗಿತ್ತು, ಅಭ್ಯಾಸ ಇತ್ತು. ನಿಂಗೆ ಎರಡೂ ಚೆನ್ನಾಗವೆ ಕಣೆ, ಇರ್ಲಿ." ಅಷ್ಟು ಹೇಳಿ, ಸ್ಟಿಕರ್ ಇಲ್ಲದ ಬಾಟಲಿಯೊಂದು ಕಣ್ಣಿಗೆ ಬಿದ್ದು, ಅದನ್ನು ಗೋಡೆಗೆ ಬೀಸಿದರು. ಪಕ್ಕೆ ನೋವಿಗೆ "ಅಮ್ಮಾ" ಎಂದು ಕೂತರು.

ಅಲ್ಲಿಂದ ಮುಂದೆ ತಲೆನೋವು ಅವರನ್ನು ಬಿಡಲಿಲ್ಲ. ಮುಂದಿನ ಚಳಿಗಾಲದಲ್ಲಿ ಕೆಲಸ ಮಾಡುತ್ತಿದ್ದಂತೆಯೇ ಕುಸಿದರು, ಎದ್ದೇಳಲಿಲ್ಲ. ಹಳೆಯ ಏಟಿಗೂ ಇದಕ್ಕೂ ಸಂಬಂಧವಿದೆಯೆಂದು ಖಚಿತವಾಗಿ ಹೇಳಲಾಗದು ಎಂದರು ಡಾಕ್ಟರು. ನಾನು ಡಾಕ್ಟರಲ್ಲ, ನಾನು ಹೇಳುತ್ತೇನೆ: ಅವನು ಕೊಂದ.

ದಹನ ಅವರ ಊರಿನಲ್ಲೇ ಆಯಿತು. ಡ್ರೈವರೂ ನಾನೂ ಹೋದೆವು. ಕೂಡುರಸ್ತೆಯ ಊರಿನವರೂ ಬಂದಿದ್ದರು, ಡ್ರೈವರಿಗೆ ಹೊಡೆದವರೇ ಅವನಿಗೆ ದಾರಿ ಬಿಟ್ಟರು. ಚಿತೆಯ ಹತ್ತಿರ ಹೋಗಿ ನೋಡಿದರೆ, ಬೆಂಕಿಯಿಡಲು ನಿಂತಿದ್ದವನು ಅವನೇ. ಒಡಹುಟ್ಟಿದವನು, ಬೇರೆ ಗಂಡು ದಿಕ್ಕಿಲ್ಲ ಎಂದರು ಊರಿನವರು. ಹೆಗಲ ಮೇಲೆ ಮಡಕೆ ಹೊತ್ತು, ನನಗೆ ಬೆನ್ನು ಮಾಡಿ ಸುತ್ತು ಬರುತ್ತಿದ್ದ. ನನ್ನ ಕೈ ಯಾವಾಗ ಕೆಳಗೆ ಹೋಯಿತೋ, ಮುಷ್ಟಿ ತುಂಬುವ ಕಲ್ಲೊಂದು ಅದರೊಳಗಿತ್ತು. ಅವನ ತಲೆ ಅಷ್ಟೇನೂ ದೂರವಿರಲಿಲ್ಲ. ಡ್ರೈವರು ಕಂಡೂ ಕಾಣದವನಂತೆ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ.

ಮೇಡಂ ಅಲ್ಲೇ ಮಲಗಿದ್ದರು, ಹರಿದ ಎರಡೂ ಕಿವಿ ಕಾಣುವಂತೆ. ಬಾಯಿ ಮುಚ್ಚಿಕೊಂಡಿದ್ದ ಅವರನ್ನು ನಾನು ಮೊದಲ ಸಲ ನೋಡುತ್ತಿದ್ದೆ. ಆದರೂ ಕೇಳಿಸಿತು, ಅದೇ ಜೋರು, ಅದೇ ಸಿಟ್ಟು: ಮಡಗೇ ಅದ್ನ.

ಕಲ್ಲನ್ನು ಕೆಳಗಿಟ್ಟೆ. ಅವನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಇಟ್ಟದ್ದು ಮೇಡಂ ಹೇಳಿದರೆಂದು.