ಒಗ್ಗರಣೆಗೊಂದು ಹೀಟರ್

ಅಮೆರಿಕದ ಟ್ರಾಯ್ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು ಎಂಜಿನಿಯರು. ಏನು ಕೇಳಿದರೂ ಗದ್ದ ಎತ್ತಿ, "ನಾನು ಸ್ಟಡಿ ಮಾಡಿದೀನಿ ಕಣ್ರೀ" ಎನ್ನುತ್ತಿದ್ದರು. ಆಗ ರಿಸೆಷನ್ ಬಂದು ಡೆಟ್ರಾಯಿಟ್ ಸುತ್ತಮುತ್ತ ಮನೆ ಕೊಳ್ಳುವವರೇ ಇರಲಿಲ್ಲ. ಇವರು ಮಾರಾಟಕ್ಕಿಟ್ಟ ಮನೆಯನ್ನೂ ಯಾರೂ ಕೇಳಲಿಲ್ಲ. ಅದಕ್ಕೆ ಕಾರಣ ಒಗ್ಗರಣೆಯ ವಾಸನೆ ಎಂದು ಇವರು ಸ್ಟಡಿ ಮಾಡಿ ಕಂಡುಹಿಡಿದರು. ಜನವರಿಯ ಚಳಿಯಲ್ಲಿ ಹೆಂಡತಿಯ ಅಡುಗೆಯನ್ನು ಗರಾಜಿಗೆ ಸಾಗಿಸಿ, ಕಾರಿನ ಪಕ್ಕದಲ್ಲಿ ಒಂದು ಕರೆಂಟ್ ಒಲೆ ಇಟ್ಟುಕೊಟ್ಟರು.

ದಪ್ಪ ಕೋಟು, ಉಲ್ಲನ್ ಟೋಪಿ ಹಾಕಿಕೊಂಡು ಸಾಸಿವೆ ಸಿಡಿಸುತ್ತಿದ್ದ ಆಕೆ, "ಒಂದು ಹೀಟರ್ ತಂದ್ಕೊಡ್ರೀ" ಎಂದರು. ತಂದುಕೊಡುವುದೆಂದರೆ ಅಷ್ಟು ಸುಲಭವೇ? ನೆಲದ ಮೇಲಿಡುವುದೋ, ಸೂರಿಗೆ ತೂಗುಹಾಕುವುದೋ, ಫ್ಯಾನ್ ಇರಬೇಕೋ ಬೇಡವೋ! ಇವರು ತೆಂಗಿನಕಾಯಿ ಆರಿಸುವವರಂತೆ ಗರಾಜಿನ ಗೋಡೆಯನ್ನು ಬೆರಳಿನಿಂದ ಬಡಿದು ಬಡಿದು ಕಿವಿಗೊಡುತ್ತಿದ್ದರು. ಅಂತೂ ಚಳಿಗಾಲ ಮುಗಿಯುವ ಹೊತ್ತಿಗೆ ಹೀಟರು ಬಂತು. ಉದ್ಘಾಟನೆಗೆ ನನ್ನನ್ನೂ ಕರೆದರು.

ಸ್ವಿಚ್ ಹಾಕಿದಾಗ ಬಿಸಿಗಾಳಿ ಬಂತು. ಆಕೆ ಒಲೆ ಹಚ್ಚಿದೊಡನೆ ಇಡೀ ಗರಾಜು ಕತ್ತಲಾಯಿತು. ಎರಡಕ್ಕೂ ಇದ್ದದ್ದು ಒಂದೇ ಕರೆಂಟ್ ಲೈನು; ಅಷ್ಟು ಲೋಡು ಅದು ತಾಳಲಿಲ್ಲ. ಅಷ್ಟೆಲ್ಲ ಸ್ಟಡಿಯಲ್ಲಿ ಅದೊಂದು ಬಿಟ್ಟುಹೋಗಿತ್ತು.

ಕತ್ತಲಲ್ಲೂ ಅವರ ಗದ್ದ ಮೇಲೆದ್ದದ್ದು ನನಗೆ ಗೊತ್ತಾಯಿತು.

"ಅಡುಗೆ ಮಾಡೋವಾಗ ಹೀಟರ್ ಆಫ್ ಮಾಡು. ಮಿಕ್ಕ ಹೊತ್ತೆಲ್ಲ ಆನ್ ಇರ್ಲಿ, ಕಾರಿಗೆ ಒಳ್ಳೇದು. ನಾನು ಸ್ಟಡಿ ಮಾಡಿದೀನಿ."

ಆಕೆಯ ಸೌಟು ಕಾರಿನ ಬಾನೆಟ್ ಮೇಲೆ ಠಣ್ಣೆಂದಿತು.

"ಹಾಗಿದ್ರೆ ನಾಳೆಯಿಂದ ಸಾರನ್ನ ಕಾರೇ ಮಾಡ್ಲಿ."