ಬುರುಜಿನ ಕೆಳಗೆ ಬುರುಜಿನ ಭಾಷಣ

ತೆಲಂಗಾಣದ ಮಕ್ತಲ್ ಬಳಿಯ ಕನ್ನಡ ಹಳ್ಳಿಯೊಂದರಲ್ಲಿ ನನ್ನ ಭಾಷಣದ ಹಾಳೆಯ ಮೇಲೆ ಚಿಟಿಕೆ ಮಣ್ಣು ಉದುರಿದ ಘಟನೆ ನಡೆದಿದೆ. ಪ್ರಾಣಹಾನಿ ಸಂಭವಿಸಿಲ್ಲ.

ವಿಷಯ, ಕನ್ನಡ ಕಾವ್ಯದಲ್ಲಿ ಬುರುಜು. ಮೊದಲು ಯುದ್ಧದ ಬುರುಜುಗಳು, ಆಮೇಲೆ ತಾಯಿಯೇ ಬುರುಜು, ಭಾಷೆಯೇ ಬುರುಜು ಎಂಬಂಥ ಹೋಲಿಕೆಗಳು. ಆ ಊರಲ್ಲಿ ಸಭೆಗಳೆಲ್ಲ ಹಳೆಯ ಬುರುಜಿನ ನೆರಳಲ್ಲೇ ನಡೆಯುತ್ತವೆ. ನನ್ನ ತಲೆಯ ನೇರ ಮೇಲೆ ಅದರಲ್ಲಿ ಕೈ ತೂರುವಷ್ಟು ಬಿರುಕಿತ್ತು.

ಬುರುಜಿಗೆ ಅಂಟಿಕೊಂಡ ಮನೆಯ ನಿಂಗಮ್ಮ ನೀರು ಕೊಡುವ ನೆಪದಲ್ಲಿ ಪಿಸುಗುಟ್ಟಿದರು.

"ಸರ್, ಬುರುಜು ಗಟ್ಟಿ ಐತಿ ಅನ್ನಬ್ಯಾಡ್ರಿ. ಮುಂದ ಕುಂತಾರಲ್ರಿ, ಪಂಚಾಯ್ತಿ ಸೆಕ್ರೆಟರಿ. ರಿಪೇರಿ ಮಾಡಸ್ರಿ ಅಂತ ಕೇಳಿ ಕೇಳಿ ಸಾಕಾಗೈತಿ. ಓದಿದವ್ರೇ ಗಟ್ಟಿ ಐತಿ ಅಂದಾರ ಅಂತ ಕೈ ತೊಳಕೋತಾರ."

"ಅದು ಕವಿತೆಯ ಬುರುಜಮ್ಮಾ."

"ಇರಲ್ರಿ. ನನ್ನ ಒಲಿ ಇದರ ಬುಡಕ ಐತಿ."

ಅಂದು ನನ್ನ ಭಾಷಣದಲ್ಲಿ ತಾಯಿ, ಭಾಷೆ ಎರಡೂ ಬಿರುಕು ಬಿಟ್ಟ, ತುರ್ತಾಗಿ ದುರಸ್ತಿಯಾಗಬೇಕಾದ ಬುರುಜುಗಳಾದವು. ಒಂದು ಕಣ್ಣು ಮೇಲಿಟ್ಟುಕೊಂಡೇ ಓದಿ ಮುಗಿಸಿದೆ. ಸೆಕ್ರೆಟರಿ ಶಾಲು ಹೊದಿಸಿ, "ಚಾಲಾ ಬಾಗುಂದಿ ಸಾರ್, ಬಿರುಕಿನ ಮಾತು ಮನಸ್ಸಿಗೆ ಮುಟ್ಟಿತ್ರಿ" ಎಂದರು.

ಈಗ ಆ ಊರಿನ ಸಭೆಗಳು ಶಾಲೆಯ ಅಂಗಳದಲ್ಲಿ ನಡೆಯುತ್ತಿವೆ. ಬಿರುಕೂ ನಿಂಗಮ್ಮನ ಒಲೆಯೂ ಇದ್ದಲ್ಲೇ ಇವೆ.